ಉಮ್ಮತ್ತೂರಿನಿಂದ ಊಟಿ ರಸ್ತೆವರೆಗೆ: ಸಾಮಾನು ಹೇಳುವ ಕಲಾಚರಿತ್ರೆ

ಕಲಾಚರಿತ್ರೆ ಅಂದ ಕೂಡಲೇ ಇಂಪ್ರೆಷನಿಸಂ, ಕ್ಯೂಬಿಸಂ ಅಂತ ‘ಇಸಂ’ಗಳ ಪಟ್ಟಿ ಒಪ್ಪಿಸೋ ವಿಡಿಯೋಗಳು ಬೇಕಾದಷ್ಟಿವೆ. ಇವತ್ತು ಆ ಪಟ್ಟಿ ಬೇಡ. ಚಾಮರಾಜನಗರ ತಾಲ್ಲೂಕಿನ ಉಮ್ಮತ್ತೂರಿನ ಆಸುಪಾಸು ಓಡಾಡೋಣ, ಒಂದೇ ಪ್ರಶ್ನೆ ಹಿಡ್ಕೊಂಡು: ಇದನ್ನ ಮಾಡಿದವನ ಕೈಯಲ್ಲಿ ಸಾಮಾನು ಏನಿತ್ತು?

ಮೊದಲು ನರಸಮಂಗಲ. ಅಲ್ಲಿನ ರಾಮೇಶ್ವರ ದೇವಸ್ಥಾನ ಗಂಗರ ಕಾಲದ್ದು, ಸಾವಿರ ವರ್ಷಕ್ಕೂ ಹಳೇದು. ಒಳಗಿನ ಚಾವಣೀಲಿ ಅಷ್ಟದಿಕ್ಪಾಲಕರ ನಡುವೆ ಕುಣಿಯೋ ಶಿವನನ್ನ ಕಲ್ಲಲ್ಲಿ ಕೆತ್ತಿದ್ದಾರೆ. ಆದರೆ ನೀವು ಹೊರಗೆ ಬಂದು ತಲೆಯೆತ್ತಿ ಗೋಪುರ ನೋಡಿ. ಅದು ಇಟ್ಟಿಗೆ, ಮೇಲಿನ ಗೊಂಬೆಗಳೆಲ್ಲ ಗಾರೆ. ಉಳಿ ಕಲ್ಲನ್ನ ಕಳೀತಾ ಹೋಗುತ್ತೆ. ಗಾರೆಯನ್ನ ಮೆತ್ತುತ್ತಾ ಹೋಗಬೇಕು, ಒಣಗೋಕೆ ಮುಂಚೆ ಬೆರಳಲ್ಲೇ ತಿದ್ದಬಹುದು. ಅದಕ್ಕೇ ಆ ಮೈಗಳು ಅಷ್ಟು ತುಂಬಿಕೊಂಡು, ಮೃದುವಾಗಿ ಕಾಣ್ತವೆ. ಮಳೆಗಾಳಿಗೆ ಎಷ್ಟೋ ಸವೆದಿವೆ. ನನ್ನ ಕೇಳಿದ್ರೆ ಬೇಲೂರು, ಹಳೇಬೀಡಿಗೆ ಓಡೋ ಮುಂಚೆ ಇದನ್ನ ನೋಡಬೇಕು.

ಇನ್ನು ಹೊಯ್ಸಳರು. ನಮಗೆ ಹತ್ತಿರದ್ದು ಸೋಮನಾಥಪುರ, 13ನೇ ಶತಮಾನ. ಅಲ್ಲಿನ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತೆ, ಗಾಳಿಗೆ ಗಟ್ಟಿಯಾಗುತ್ತೆ. ಉಳಿ ಹೇಳಿದಂತೆ ಕೇಳೋ ಕಲ್ಲು ಸಿಕ್ಕಮೇಲೆ ಶಿಲ್ಪಿ ಸುಮ್ಮನಿರ್ತಾನಾ? ಒಂದೊಂದು ಒಡವೆಯನ್ನೂ ಬಿಡಿಸಿ ಬಿಡಿಸಿ ಕೆತ್ತಿದ. ಮಲ್ಲಿತಮ್ಮ ಅನ್ನೋ ಶಿಲ್ಪಿ ವಿಗ್ರಹಗಳ ಕೆಳಗೆ ತನ್ನ ಹೆಸರನ್ನೂ ಕೆತ್ತಿಟ್ಟ.

ವಿಜಯನಗರದ ಕಾಲಕ್ಕೆ ಸೀನೇ ಬೇರೆ. ಆಗ ಉಮ್ಮತ್ತೂರಿನ ಪಾಳೇಗಾರರು ಎಷ್ಟು ಬಲವಾಗಿದ್ದರು ಅಂದ್ರೆ, 1509ರಲ್ಲಿ ಪಟ್ಟಕ್ಕೆ ಬಂದ ಕೃಷ್ಣದೇವರಾಯ ಮೊದಮೊದಲು ದಂಡು ತಗೊಂಡು ಬಂದ ಕಡೆಗಳಲ್ಲಿ ಇದೂ ಒಂದು. ಆ ಕಾಲದ ಕಲ್ಲು ಗ್ರಾನೈಟು. ಅದು ಒಡವೆ ಕೆತ್ತೋಕೆ ಬಗ್ಗಲ್ಲ. ಹಾಗಾಗಿ ಎತ್ತರದ ಕಂಬ, ದೊಡ್ಡ ಮಂಟಪ, ಒರಟು ಗೆರೆ. ಆದರೂ ಹಠಮಾರಿಗಳು ಇದ್ದೇ ಇರ್ತಾರೆ: ಪಕ್ಕದ ಯಳಂದೂರಿನ ಬಳೆಮಂಟಪಕ್ಕೆ ಹೋಗಿ, ಕಲ್ಲಲ್ಲೇ ಕಡೆದ ಬಳೆಸರಪಳಿ ನೋಡಿ.

ಮೈಸೂರು ಚಿತ್ರಗಳಲ್ಲಿ ಸಾಮಾನು ಮತ್ತೆ ಬದಲು. ಮಕ್ಕಿ ಸಫೇದ ಅನ್ನೋ ಲೇಪವನ್ನ ತೆಳ್ಳಗೆ ಉಬ್ಬಿಸಿ, ಮೇಲೆ ಚಿನ್ನದ ರೇಕು ಅಂಟಿಸೋದು. ಆಮೇಲೆ ರವಿವರ್ಮನ ಎಣ್ಣೆಬಣ್ಣ ಬಂತು. ಜಗನ್ಮೋಹನ ಅರಮನೆಯಲ್ಲಿ ದೇವತೆಗಳ ಸೀರೆಗೆ ರೇಷ್ಮೆಯ ಹೊಳಪು ಹತ್ತಿತು.

ಯೂರೋಪಿನಲ್ಲೂ ಕಥೆ ಇದೇ. 1841ರಲ್ಲಿ ಜಾನ್ ರ‍್ಯಾಂಡ್ ಅನ್ನೋ ಅಮೆರಿಕದ ಚಿತ್ರಕಾರ ಬಣ್ಣ ತುಂಬೋ ತಗಡಿನ ಟ್ಯೂಬಿಗೆ ಪೇಟೆಂಟ್ ತಗೊಂಡ. ಬಣ್ಣ ಜೇಬಿಗೆ ಬಂತು, ಮೊನೆ, ರೆನ್ವಾರ್ ತರದ ಚಿತ್ರಕಾರರು ಬಯಲಿಗೆ ಬಂದರು. ಬಿಸಿಲು ಸರಿಯೋದ್ರೊಳಗೆ ಚಿತ್ರ ಮುಗಿಸೋ ಆತುರ ಇಂಪ್ರೆಷನಿಸ್ಟರ ಕುಂಚದಲ್ಲಿ ಹಾಗೇ ಕಾಣುತ್ತೆ.

ಹಾಗಂತ ಸಾಮಾನೇ ಎಲ್ಲ ಅಂದ್ರೆ ಕೆ. ವೆಂಕಟಪ್ಪ ಒಪ್ಪಲ್ಲ. ಮೈಸೂರು ಅರಮನೆ ಚಿತ್ರಗಾರರ ಮನೆತನದವರು. ಮಹಾರಾಜ ನಾಲ್ವಡಿಯವರು ಕಲ್ಕತ್ತೆಗೆ ಕಳಿಸಿದರು, ಅವನೀಂದ್ರನಾಥ ಟಾಗೋರರ ಹತ್ರ ಕಲಿತರು. ಎಣ್ಣೆಬಣ್ಣ ಅಂಗಡೀಲಿ ಸಿಗ್ತಿತ್ತು. ಆದರೆ ಟಾಗೋರರ ಬಂಗಾಳ ಪಂಥದವರಿಗೆ ಅದು ಬ್ರಿಟಿಷರ ಕಲಾಶಾಲೆಯ ರೂಢಿ. ಬೇಕಂತಲೇ ಬಿಟ್ಟು ಜಲವರ್ಣ ಹಿಡಿದರು. ಗುಂಡ್ಲುಪೇಟೆ ದಾಟಿ ಬಂಡೀಪುರದ ಮೇಲೆ ಊಟಿಗೆ ಹೋಗ್ತೀರಲ್ಲ, ಆ ಊಟಿಯ ಮಂಜು, ಬೆಟ್ಟಗಳನ್ನ ವೆಂಕಟಪ್ಪ ಜಲವರ್ಣದಲ್ಲಿ ಬರೆದಿದ್ದಾರೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆ ಇದೆ. ಅಲ್ಲಿಗೆ ಹೋದಾಗ ಅವರ ಊಟಿ ಚಿತ್ರಗಳು ಎಲ್ಲಿವೆ ಅಂತ ಕೇಳಿ.