ಕೀಳುವ ಮುನ್ನ ಕೇಳಿ ನೋಡಿ



ದೀಪ ಹಚ್ಚಿದ್ದಾಯಿತು. ಹಳೆಯ ಕಂಪ್ಯೂಟರುಗಳ ಈ ಪ್ರದರ್ಶನದಲ್ಲಿ ನನ್ನ ಕಣ್ಣು ಹೋದದ್ದು ಮೆಮೊರಿ ಚಿಪ್ ಪರೀಕ್ಷಿಸುವ ಮೂಲೆಯ ಮೇಜಿಗೆ. ಅದರ ಬಗ್ಗೆಯೇ ನಾಲ್ಕು ಮಾತು.

ಅಲ್ಲಿ ಬಿಚ್ಚಿಟ್ಟಿರುವುದು ಸಿಂಕ್ಲೇರ್ ಕಂಪನಿ 1982ರಲ್ಲಿ ಬ್ರಿಟನ್ನಿನಲ್ಲಿ ಹೊರತಂದ ಝಡ್‌ಎಕ್ಸ್ ಸ್ಪೆಕ್ಟ್ರಮ್. ಒಳಗೆ 4116 ಎಂಬ ಎಂಟು ಚಿಪ್‌ಗಳ ಸಾಲು. ಒಂದೊಂದರಲ್ಲಿ 16,384 ಬಿಟ್. ಒಂದು ಬಿಟ್ ಅಂದರೆ ಪುಟಾಣಿ ಕೆಪಾಸಿಟರಿನಲ್ಲಿ ನಿಂತ ಚಾರ್ಜ್. ಸೋರುವ ಕೊಡವದು, 2 ಮಿಲಿಸೆಕೆಂಡಿನೊಳಗೆ ಮತ್ತೆ ತುಂಬುತ್ತಿರಬೇಕು.

ಈ ಚಿಪ್ಪಿಗೆ ಮೂರು ವೋಲ್ಟೇಜ್ ಬೇಕು: 12, 5 ಮತ್ತು ಮೈನಸ್ 5. ಮೈನಸ್ 5 ಕೈಕೊಟ್ಟು ಉಳಿದೆರಡು ಬರುತ್ತಲೇ ಇದ್ದರೆ ಚಿಪ್ ಸುಟ್ಟುಹೋಗಬಹುದು. ಆದ್ದರಿಂದ ಹೊಸದನ್ನು ಕೂರಿಸುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಇಲ್ಲವಾದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಕಾಮೊಡೋರ್ 64ರ 4164 ಚಿಪ್ಪಿಗೂ ಹದಿನಾರೇ ಕಾಲು, ನೋಡಲು ಅವಳಿ. ಅದನ್ನು ಇಲ್ಲಿ ತುರುಕಬೇಡಿ: 5 ವೋಲ್ಟ್ ಬೇಡುವ ಅದರ ಎಂಟನೇ ಕಾಲಿಗೆ ಇಲ್ಲಿ 12 ಸಿಗುತ್ತದೆ.

ಇನ್ನು ಪರೀಕ್ಷೆ. ಎಲ್ಲ ಕಡೆ ಸೊನ್ನೆ ಬರೆದು ಓದಿ, ಒಂದು ಬರೆದು ಓದಿ, ಪಾಸು ಎಂದುಬಿಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಳಗಿನ ದೋಷದಿಂದ ಎರಡು ವಿಳಾಸಗಳು ಒಂದೇ ಕೋಶಕ್ಕೆ ಹೋಗುತ್ತಿದ್ದರೆ, ಎಲ್ಲೆಡೆ ಸೊನ್ನೆಯೇ ಇರುವಾಗ ಅದು ತಿಳಿಯುವುದಾದರೂ ಹೇಗೆ? ಮೊದಲು ಸೊನ್ನೆ ತುಂಬಿ. ಕೆಳಗಿನಿಂದ ಮೇಲಕ್ಕೆ ಒಂದೊಂದನ್ನೇ ಓದುತ್ತ ಒಂದಾಗಿಸಿ. ಮೇಲಿನಿಂದ ಕೆಳಕ್ಕೆ ಓದುತ್ತ ಮತ್ತೆ ಸೊನ್ನೆಯಾಗಿಸಿ. ಚಿಪ್ ಬಿಸಿಯೇರಿದ ಮೇಲೆ ಇನ್ನೊಂದು ಸುತ್ತು ಆಗಲಿ. ಬಿಸಿಗೆ ಚಾರ್ಜ್ ಬೇಗ ಸೋರುತ್ತದೆ, ತಣ್ಣಗಿದ್ದಾಗ ಸರಿಯಿದ್ದದ್ದು ಆಗ ತಡವರಿಸುತ್ತದೆ.

ಎಂಟರಲ್ಲಿ ಕೆಟ್ಟದ್ದು ಯಾವುದು? ಬೈಟಿನ ಒಂದೊಂದು ಬಿಟ್ಟಿಗೆ ಒಂದೊಂದು ಚಿಪ್. ಯಾವಾಗಲೂ ಒಂದೇ ಬಿಟ್ ತಪ್ಪುತ್ತಿದ್ದರೆ ಮೊದಲ ಅನುಮಾನ ಅದರ ಚಿಪ್ಪಿನ ಮೇಲೆ. ಎಂಟನ್ನೂ ಕಿತ್ತುಹಾಕುವ ಹುರುಪು ಬೇಡ. ಹಳೆಯ ಬೋರ್ಡಿನ ತಾಮ್ರದ ಗೆರೆ ಸೋಲ್ಡರಿಂಗ್ ಕಾವಿಗೆ ಎದ್ದುಬರುತ್ತದೆ. ಕಿತ್ತ ಜಾಗದಲ್ಲಿ ಸಾಕೆಟ್ ಹಾಕಿ, ಮುಂದಿನವರು ನಿಮ್ಮನ್ನು ಬೈಯುವುದಿಲ್ಲ. ಬದಲಿಗೆ ಕೊಂಡ ಚಿಪ್ಪನ್ನೂ ಪರೀಕ್ಷಿಸದೆ ಹಾಕಬೇಡಿ. ಮೇಲಿನ ಅಕ್ಷರ ಉಜ್ಜಿ ಬೇರೆ ಸಂಖ್ಯೆ ಅಚ್ಚು ಹಾಕಿದ ಮಾಲೂ ಮಾರುಕಟ್ಟೆಯಲ್ಲಿದೆ.

ಅಟ್ಟದಿಂದ ಬೋರ್ಡು ಇಳಿಸಿ ತಂದವರು ಮೂಲೆಯ ಮೇಜಿನಲ್ಲಿ ಹೆಸರು ಬರೆಸಿ. ಪ್ರದರ್ಶನ ಉದ್ಘಾಟನೆಯಾಯಿತು, ಎಲ್ಲರೂ ಬನ್ನಿ.