ಹಿಂದಿನ ಆಸನದವರಿಗೊಂದು ಮಾತು



ವಿಮಾನವು ಗಂಟೆಗೆ ಐನೂರು ಮೈಲಿಗೂ ಮೀರಿದ ವೇಗದಲ್ಲಿ ಧಾವಿಸುತ್ತಿರುವಾಗ ನಾವು ನಿಶ್ಚಿಂತೆಯಿಂದ ಕಾಫಿ ಕುಡಿಯುತ್ತೇವೆ. ದೇಹಕ್ಕೆ ಕಂಟಕವಾಗುವುದು ವೇಗವಲ್ಲ, ಆ ವೇಗವು ಕ್ಷಣಾರ್ಧದಲ್ಲಿ ಇಲ್ಲವಾಗುವುದು.

ಈ ಸತ್ಯವನ್ನು ತಮ್ಮ ಶರೀರದ ಮೇಲೆಯೇ ಪರೀಕ್ಷಿಸಿದವರು ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಸ್ಟ್ಯಾಪ್. ಜೆಟ್ ವಿಮಾನದಿಂದ ಹೊರಚಿಮ್ಮುವ ಚಾಲಕನು ಎಷ್ಟು ಆಘಾತವನ್ನು ತಾಳಬಲ್ಲನೆಂದು ಅವರು ಅರಿಯಬೇಕಾಗಿತ್ತು. 1954ರ ಡಿಸೆಂಬರ್ 10ರಂದು, ನ್ಯೂ ಮೆಕ್ಸಿಕೋದ ಹಾಲೊಮನ್ ವಾಯುನೆಲೆಯಲ್ಲಿ, ಹಳಿಗಳ ಮೇಲೋಡುವ ರಾಕೆಟ್ ಬಂಡಿಯಲ್ಲಿ ಪಟ್ಟಿಗಳಿಂದ ಬಿಗಿಸಿಕೊಂಡು ಕುಳಿತರು. ಗಂಟೆಗೆ 632 ಮೈಲಿ ವೇಗವನ್ನು ಮುಟ್ಟಿದ ಬಂಡಿ 1.4 ಸೆಕೆಂಡುಗಳಲ್ಲಿ ನಿಂತಿತು. ಗುರುತ್ವದ 46 ಪಟ್ಟು ಬಲ ಅವರ ಮೇಲೆರಗಿತು. ಕಣ್ಣಿನ ರಕ್ತನಾಳಗಳೊಡೆದು ದೃಷ್ಟಿ ಮರೆಯಾಯಿತು, ಮತ್ತೆ ಮರಳಿತು. ಜೀವವುಳಿಸಿದ್ದು ಆ ಪಟ್ಟಿಗಳೇ.

ವಾಯುಪಡೆಯವರನ್ನು ವಿಮಾನಗಳಷ್ಟೇ ಕಾರುಗಳೂ ಬಲಿ ತೆಗೆದುಕೊಳ್ಳುತ್ತಿವೆಯೆಂದು ಕಂಡ ಸ್ಟ್ಯಾಪ್, ಕಾರಿಗೂ ಬೆಲ್ಟ್ ಬೇಕೆಂದು ವಾದಿಸಿದರು. 1966ರಲ್ಲಿ ಅಧ್ಯಕ್ಷ ಜಾನ್ಸನ್ ವಾಹನ ಸುರಕ್ಷತಾ ಕಾನೂನಿಗೆ ಸಹಿ ಹಾಕಿದಾಗ ಅವರೂ ಅಲ್ಲಿದ್ದರು.

ಇಂದಿನ ಮೂರು ಬಿಂದುಗಳ ಬೆಲ್ಟನ್ನು ರೂಪಿಸಿದ ಸ್ವೀಡನ್ನಿನ ನಿಲ್ಸ್ ಬೊಹ್ಲಿನ್ ಕೂಡ ಮೊದಲು ಸಾಬ್ ಸಂಸ್ಥೆಯಲ್ಲಿ ವಿಮಾನದಿಂದ ಹೊರಚಿಮ್ಮುವ ಆಸನಗಳ ಮೇಲೆ ದುಡಿದವರು. 1959ರಲ್ಲಿ ಅದನ್ನು ಕಾರುಗಳಿಗೆ ಅಳವಡಿಸಿದ ವೋಲ್ವೋ ಸಂಸ್ಥೆ, ಪೇಟೆಂಟನ್ನು ಇತರ ತಯಾರಕರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು.

ಒಂದು ಅಪಘಾತವೆಂದರೆ ವೈದ್ಯರ ಲೆಕ್ಕದಲ್ಲಿ ಮೂರು ಡಿಕ್ಕಿಗಳು. ಕಾರು ಮರಕ್ಕೆ ಬಡಿಯುವುದು ಮೊದಲನೆಯದು. ದೇಹ ಕಾರಿನ ಒಳಭಾಗಕ್ಕೆ ಬಡಿಯುವುದು ಎರಡನೆಯದು. ಮಿದುಳು ತಲೆಬುರುಡೆಗೆ, ಹೃದಯ ಎದೆಗೂಡಿಗೆ ಅಪ್ಪಳಿಸುವುದು ಮೂರನೆಯದು. ಬೆಲ್ಟ್ ಆ ಬಲವನ್ನು ಎದೆಗೂಡು ಹಾಗೂ ಸೊಂಟದ ಗಟ್ಟಿ ಮೂಳೆಗಳಿಗೆ ಹಂಚಿ, ದೇಹ ನಿಲ್ಲಲು ಕೊಂಚ ಹೆಚ್ಚು ಅವಕಾಶ ಕೊಡುತ್ತದೆ. ಆದುದರಿಂದ ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲಿರಬೇಕು. ಗರ್ಭಿಣಿಯರು ಅದನ್ನು ಉದರದ ಕೆಳಗೆ ಹಾಯಿಸಿಕೊಳ್ಳಬೇಕು.

ಇಲ್ಲಿ ನಾವು ಶಿಸ್ತಿನಿಂದ ಬೆಲ್ಟ್ ಕಟ್ಟುತ್ತೇವೆ. ಊರಿಗೆ ಹೋದಾಗಲೋ? ದೇವನಹಳ್ಳಿಯಲ್ಲಿಳಿದು ಟ್ಯಾಕ್ಸಿ ಹತ್ತಿದೊಡನೆ ಮಗು ಅಜ್ಜಿಯ ಮಡಿಲು ಸೇರುತ್ತದೆ. ಹಿಂದಿನ ಬೆಲ್ಟಿನ ಕೊಂಡಿ ಎಷ್ಟೋ ವೇಳೆ ಸೀಟಿನ ಹೊದಿಕೆಯಡಿ ಹುದುಗಿರುತ್ತದೆ. ಕೇಳಿದರೆ "ಹಿಂದೆ ಕೂತವರಿಗೇಕೆ?" ಎನ್ನುತ್ತಾರೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ಕಾರು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತರೆ, ಹತ್ತು ಕಿಲೋ ತೂಕದ ಕೂಸನ್ನು ಹಿಡಿದಿಡಲು ನೂರನಲವತ್ತು ಕಿಲೋ ಭಾರವನ್ನು ತಡೆಯುವಷ್ಟು ಬಲ ಬೇಕು. ಯಾವ ಅಜ್ಜಿಯ ತೋಳಿಗೂ, ಎಷ್ಟೇ ಮಮತೆಯಿದ್ದರೂ, ಅಷ್ಟು ಶಕ್ತಿಯಿಲ್ಲ. ಅಷ್ಟೇ ಅಲ್ಲ, ಬೆಲ್ಟಿಲ್ಲದ ಅಜ್ಜಿಯ ದೇಹಭಾರವೂ ಆ ಕೂಸಿನ ಮೇಲೆಯೇ ಬೀಳುತ್ತದೆ.

ಭಾರತದ ಕಾನೂನಿನಲ್ಲೂ ಹಿಂದಿನ ಆಸನದವರಿಗೆ ಬೆಲ್ಟ್ ಕಡ್ಡಾಯ. ಟ್ಯಾಕ್ಸಿ ಗೊತ್ತುಮಾಡುವಾಗಲೇ ಬೆಲ್ಟುಗಳು ಸರಿಯಿವೆಯೇ ಎಂದು ವಿಚಾರಿಸಿ. ಮಗುವಿನ ಆಸನವನ್ನು ಇಲ್ಲಿಂದಲೇ ಒಯ್ಯಿರಿ. ತಂದೆತಾಯಿಯರಿಗೆ ಕಾಣಿಕೆಗಳನ್ನು ಕೊಡುವ ಮೊದಲು, ಅವರ ಬೆಲ್ಟನ್ನು ನಿಮ್ಮ ಕೈಯಾರೆ ಕಟ್ಟಿರಿ.