ಓಮದ ಬೆಳೆಗೆ ಕಳಿತ ಗೊಬ್ಬರ



ಓಮದ ಉಪಯೋಗವನ್ನರಿಯದ ಮನೆಯಿಲ್ಲ. ಕೂಸಿನ ಹೊಟ್ಟೆನೋವಿಗೆ ಓಮದ ನೀರು, ಬಾಣಂತಿಯ ಖಾರಕ್ಕೆ ಓಮ, ಅಜೀರ್ಣಕ್ಕೆ ಉಪ್ಪು ಬೆರೆಸಿದ ಓಮ. ಇದರ ತೈಲದಿಂದ ಪಡೆಯುವ ಹರಳಿಗೆ ಓಮದ ಹೂವೆಂದು ಹೆಸರು. ವೈದ್ಯರು ಅದನ್ನು ಥೈಮಾಲ್ ಎನ್ನುವರು. 1914ರ ಮಹಾಯುದ್ಧಕ್ಕೆ ಮುಂಚೆ ಹಿಂದೂಸ್ಥಾನದ ಓಮವು ಜರ್ಮನಿಗೆ ಹೋಗಿ, ಅಲ್ಲಿ ಈ ಹರಳಾಗುತ್ತಿತ್ತು. ಔಷಧಕ್ಕಾಗಿ ಕೊಳ್ಳುವವನು ತೂಕವನ್ನು ಮಾತ್ರವಲ್ಲದೆ ಕಾಳಿನ ಶುದ್ಧಿಯನ್ನೂ ಘಮವನ್ನೂ ನೋಡುವನು.

ಓಮಕ್ಕೆ ಗೊಬ್ಬರ ಹಾಕಿದರೆ ಗಿಡವು ಸೊಪ್ಪಿಗೆ ಹೋಗುವುದೆಂದೂ, ಹೊಲವನ್ನು ಕಳೆ ಮುಚ್ಚುವುದೆಂದೂ ಕೆಲವರು ಹೇಳುವರು. ಈ ಮಾತಿನಲ್ಲಿ ಅರ್ಧ ಸತ್ಯವುಂಟು. ಆದರೆ ದೋಷವು ಗೊಬ್ಬರದ್ದಲ್ಲ, ಹಸಿ ಗೊಬ್ಬರದ್ದು.

ಓಮದ ಬೀಜವು ಅತಿ ಸಣ್ಣದು. ಎಕರೆಗೆ 1ರಿಂದ 1½ ಕಿಲೋ ಸಾಕಾಗುವುದು. ಸಮನಾಗಿ ಬೀಳಲೆಂದು ಮರಳು ಬೆರೆಸಿ ಬಿತ್ತುವರು. ಮೊಳೆಯಲು ಒಂದೆರಡು ವಾರ ಬೇಕು, ಎಳೆಯ ಪೈರೂ ನಿಧಾನವಾಗಿ ಏಳುವುದು. ಹಸಿ ಸಗಣಿಯೊಡನೆ ಹೊಲಕ್ಕೆ ಬಂದ ಕಳೆಬೀಜಗಳು ಅಷ್ಟರಲ್ಲಿ ಎದ್ದು ಪೈರನ್ನು ಅಡಗಿಸುವುವು. ಕೊಳೆಯದ ಹುಲ್ಲುಕಡ್ಡಿಯು ಗೆದ್ದಲನ್ನು ಕರೆಯುವುದಲ್ಲದೆ, ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೆಲದ ಸಾರಜನಕವನ್ನು ತಾವೇ ಹೀರಿಕೊಳ್ಳುವುವು. ಕೊಯ್ಲಿನಲ್ಲಿ ಕಳೆಯ ಕಾಳು ಸೇರಿತೆಂದರೆ ಬೆಲೆಯೂ ಹೋಯಿತು.

ಕಳಿತ ಗೊಬ್ಬರದ ಗುಣವೇ ಬೇರೆ. ಅದು ಕಪ್ಪು ನೆಲವನ್ನು ಸಡಿಲಿಸುವುದು, ಮೇಲ್ಮಣ್ಣು ಹೆಪ್ಪುಗಟ್ಟದಂತೆ ತಡೆಯುವುದು, ತೇವವನ್ನು ಹಿಡಿಯುವುದು. ಶ್ರಾವಣ ಭಾದ್ರಪದಗಳಲ್ಲಿ ಬಿತ್ತಿ ಪುಷ್ಯ ಮಾಘಗಳಲ್ಲಿ ಕೊಯ್ಯುವ ಮಳೆಯಾಶ್ರಿತ ಬೆಳೆಗೆ ಆ ತೇವವೇ ಜೀವ.

ಇಂಥ ಗೊಬ್ಬರಕ್ಕೆ ಹಣ ಬೇಡ. ದನದ ಗಂಜಲವು ಬೀದಿಗೆ ಹರಿದು, ಸಗಣಿಯು ಬೆರಣಿಯಾಗಿ ಒಲೆ ಸೇರುವಲ್ಲಿ ಹೊಲದ ಆಹಾರವೇ ಪೋಲಾಗುತ್ತದೆ. ಸಾರಜನಕದ ದೊಡ್ಡ ಪಾಲು ಇರುವುದು ಗಂಜಲದಲ್ಲಿ. ಇಂದೂರಿನಲ್ಲಿ ಆಲ್ಬರ್ಟ್ ಹೋವರ್ಡರು 1924ರಿಂದ 1931ರವರೆಗೆ ರೂಢಿಸಿದ ಪದ್ಧತಿ ಇಲ್ಲಿ ಯೋಗ್ಯವಾದುದು. ಕೊಟ್ಟಿಗೆಯಲ್ಲಿ ಒಣಮಣ್ಣು ಹರಡಿ ಗಂಜಲವನ್ನು ಹೀರಿಸತಕ್ಕದ್ದು. ಆ ಮಣ್ಣು, ಕಸಕಡ್ಡಿ, ಸಗಣಿ, ಒಲೆಯ ಬೂದಿ ಇವುಗಳನ್ನು ಪದರ ಪದರವಾಗಿ ಒಟ್ಟಿ, ಹದವಾಗಿ ನೀರು ಚಿಮುಕಿಸಿ, ಮೂರು ಬಾರಿ ಮಗುಚಿದರೆ ಸುಮಾರು ಮೂರು ತಿಂಗಳಲ್ಲಿ ಕಳಿಯುವುದು. ಒಟ್ಟಿಲಿನೊಳಗಿನ ಕಾವಿಗೆ ಕಳೆಬೀಜಗಳು ಬಹುಮಟ್ಟಿಗೆ ಸಾಯುವುವು. ಬೇಸಗೆಯಲ್ಲಿ ನೀರಿಗೆ ಕಷ್ಟವಿರುವ ಊರುಗಳಲ್ಲಿ ಹಿಂಗಾರಿನ ಕಾಲಕ್ಕೇ ಈ ಕೆಲಸ ಮುಗಿಸಿ, ಗೊಬ್ಬರಕ್ಕೆ ಮಣ್ಣು ಮುಚ್ಚಿಡುವುದು ಲೇಸು. ಮುಖಂಡರ ಕೊಟ್ಟಿಗೆಯಲ್ಲಿ ಇದು ಮೊದಲು ನಡೆದರೆ ಊರಿಗೆ ಬೇರೆ ಉಪದೇಶ ಬೇಕಾಗದು.

ಎಕರೆಗೆ ಅರ್ಧ ಟನ್ ಹಿಡಿಯುವ ಗಾಡಿಯಲ್ಲಿ 8ರಿಂದ 10 ಗಾಡಿ ಗೊಬ್ಬರವನ್ನು ಬಿತ್ತನೆಗೆ ಮೂರು ವಾರ ಮುಂಚೆ ಹರಡಿ, ಕುಂಟೆ ಹೊಡೆದು ಮಣ್ಣಿನಲ್ಲಿ ಬೆರೆಸತಕ್ಕದ್ದು. ಲಾಭದಾಸೆಯಿಂದ ಇದನ್ನು ಇಮ್ಮಡಿಸಬಾರದು. ಗಿಡವು ಸೊಕ್ಕಿ ಒರಗುವುದು, ಮಾಗುವುದೂ ತಡವಾಗುವುದು.

ನಂಬಿಕೆ ಸಾಲದವನು ಒಂದೇ ಹೊಲದಲ್ಲಿ ಅರ್ಧಕ್ಕೆ ಹಾಕಿ ಅರ್ಧವನ್ನು ಬಿಡಲಿ. ಕೊಡೆಯಂಥ ತೆನೆಗಳು ಕಂದುಬಣ್ಣಕ್ಕೆ ತಿರುಗಿದಾಗ ಎರಡನ್ನೂ ಬೇರೆ ಬೇರೆಯಾಗಿ ಕೊಯ್ದು, ತೈಲವು ಆರಿಹೋಗದಂತೆ ನೆರಳಿನಲ್ಲಿ ಒಣಗಿಸಿ, ಬಡಿದು, ತೂಗಿ ನೋಡಲಿ.